ಅಕ್ಕನ ಎರಡು ಉತ್ತರ

ನಾನು ನೆಲದಿಂದ ಏಳಲಾರೆ ಎಂಬುದು ನಾಲ್ಕು ಜನಕ್ಕೆ ಗೊತ್ತಾದದ್ದು ಒಂದು ಹುಣ್ಣಿಮೆಯ ಸಂಜೆ, ಶಹಾಪುರದ ನಮ್ಮ ಬುದ್ಧವಿಹಾರದಲ್ಲಿ. ಪ್ರಾಥಮಿಕ ಶಾಲೆಯ ಶಿಕ್ಷಕಿ ಕೆಲಸದಿಂದ ನಿವೃತ್ತಳಾಗಿ ಇನ್ನೂ ವರ್ಷ ತುಂಬಿರಲಿಲ್ಲ. ವಂದನೆ ಮುಗಿದು, ಜಮಖಾನೆಯ ಮೇಲೆ ಕುಳಿತಿದ್ದ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಏಳತೊಡಗಿದರು. ನಾನೂ ಕೈ ಊರಿದೆ. ಸೊಂಟ ಎದ್ದಿತು, ಮೊಣಕಾಲು ಏಳಲಿಲ್ಲ. ಮತ್ತೆ ಕುಳಿತೆ. ಏನೋ ಹುಡುಕುವವಳಂತೆ ಕೈಚೀಲದೊಳಗೆ ಕೈಯಾಡಿಸಿದೆ. ಎಲ್ಲರೂ ಹೊರಗೆ ಹೋಗಲಿ, ಆಮೇಲೆ ಗೋಡೆ ಹಿಡಿದುಕೊಂಡು ಎದ್ದರಾಯಿತು ಎಂದುಕೊಂಡಿದ್ದೆ. ಆದರೆ ನಾನು ಏಳದಿರುವುದನ್ನು ಕಂಡು ಅವರು ನಿಂತುಬಿಟ್ಟರು. ಕೊನೆಗೆ ಇಬ್ಬರು ಬಂದು ಎರಡೂ ಕಡೆಯಿಂದ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಅವರಲ್ಲಿ ಒಬ್ಬಳಿಗೆ ನಾನೇ ಅಕ್ಷರ ಕಲಿಸಿದ್ದೆ. ಎತ್ತುವಾಗ ಸೀರೆ ಜರುಗಿ ಲಂಗ ಕಾಣಿಸಿತು. ಅವಳು ಬಗ್ಗಿ ಅದನ್ನು ಸರಿಮಾಡಿದಳು, ಮಗುವಿಗೆ ಮಾಡುವ ಹಾಗೆ.

ಮುಂದಿನ ಹುಣ್ಣಿಮೆಗೆ ಹೋದಾಗ ಗೋಡೆಯ ಪಕ್ಕ ನನಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು.

ಆ ಕುರ್ಚಿಯ ಮೇಲೆ ಕೂಡುವುದು ನನಗೆ ಯಾಕೆ ಅಷ್ಟು ಭಾರವಾಯಿತು ಎಂದು ತಿಳಿಯಬೇಕಾದರೆ ನಮ್ಮ ಅಪ್ಪನ ಮಾತು ಹೇಳಬೇಕು. ಅಪ್ಪ ಸುರಪುರ ತಾಲ್ಲೂಕಿನ ಕಕ್ಕೇರಾದಲ್ಲಿ ಬೇರೆಯವರ ಹೊಲದಲ್ಲಿ ದುಡಿದವನು. ದೊಡ್ಡ ಮನೆಗಳ ಮುಂದೆ ಅವನಿಗಿದ್ದ ಜಾಗ ಕಟ್ಟೆಯ ಕೆಳಗಿನ ಮಣ್ಣು. ಮೇಲೆ ಕುಳಿತವರ ಪಾದ ಎಲ್ಲಿರುತ್ತಿತ್ತೋ ಅಲ್ಲಿ ಅವನ ತಲೆ. ನನಗೆ ನೌಕರಿ ಸಿಕ್ಕ ದಿನ ಅವನು ಬುದ್ಧಿಮಾತು ಎಂದು ಹೇಳಿದ್ದು ಇಷ್ಟೇ:

"ಯಾರ ಮನಿ ಮುಂದೂ ನೆಲಕ್ಕ ಕುಂದ್ರಬ್ಯಾಡ. ಕುರ್ಚಿ ಕೊಟ್ರ ಕುಂದ್ರು. ಇಲ್ಲಂದ್ರ ನಿಂತೇ ಮಾತಾಡಿ ಬಾ."

ನೌಕರಿ ಮುಗಿಯುವ ತನಕ ಆ ಮಾತು ನಡೆಸಿದೆ. ವಿಹಾರದಲ್ಲಿ ಮಾತ್ರ ನೆಲದ ಮೇಲೆ ಕೂಡುವುದೆಂದರೆ ನನಗೆ ಸಮಾಧಾನ. ಅಲ್ಲಿ ಎಲ್ಲರಿಗೂ ಒಂದೇ ಜಮಖಾನೆ, ಎಲ್ಲರ ತಲೆಯೂ ಒಂದೇ ಎತ್ತರ. ಈಗ ಅಲ್ಲಿ ನಾನೊಬ್ಬಳು ಮೇಲೆ. ನನಗಿಂತ ಹಿರಿಯ ಹೆಂಗಸರು ನನ್ನ ಕಾಲ ಹತ್ತಿರ ಕುಳಿತು ಕೈ ಮುಗಿಯುತ್ತಿದ್ದರು. ಕಣ್ಣು ಮುಚ್ಚಿದರೆ ವಂದನೆಯ ಸಾಲು ಮರೆತು ಆ ಕಟ್ಟೆಯೇ ಕಾಣುತ್ತಿತ್ತು. ಎರಡು ಮೂರು ಸಲ ಹೋದೆ. ಆಮೇಲೆ ಏನಾದರೊಂದು ನೆಪ ಹೇಳಿ ತಪ್ಪಿಸತೊಡಗಿದೆ.

ಕಾಲು ತೋರಿಸಲು ದವಾಖಾನೆಗೆ ಹೋದದ್ದು ಆ ದಿನಗಳಲ್ಲೇ. ಡಾಕ್ಟರು ಒತ್ತಿ ನೋಡಿ, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೀಲು ಸವೆದಿದೆ, ವಯಸ್ಸಾದವರಿಗೆ ಆಗುವಂಥದ್ದೇ ಎಂದರು. ಗುಳಿಗೆ ಬರೆದುಕೊಟ್ಟರು. ಹೊರಗೆ ಒಬ್ಬ ಹುಡುಗಿ ಕುಳಿತಿದ್ದಾಳೆ, ಮೊಣಕಾಲಿನವರಿಗೆ ಏನೋ ಪ್ರಶ್ನೆ ಕೇಳುತ್ತಾಳೆ, ನೀವು ಓದಿದವರು, ಉತ್ತರ ಕೊಟ್ಟು ಹೋಗಿ ಎಂದರು.

ಹುಡುಗಿ ಫಿಸಿಯೋಥೆರಪಿಯಲ್ಲಿ ಮೇಲಿನ ಓದು ಓದುತ್ತಿದ್ದಳು. ದಾವಣಗೆರೆಯ ಆಚೆಯ ಕಡೆಯವಳು. ಮಾತು ಮೆತ್ತಗೆ, ನಮ್ಮ ಕಡೆಯ ಗದ್ದಲದಲ್ಲಿ ಅರ್ಧ ಕೇಳಿಸುತ್ತಲೇ ಇರಲಿಲ್ಲ. ಅವಳು ತನ್ನ ಕೆಲಸವನ್ನು ನನಗೆ ತಿಳಿಸಿ ಹೇಳಿದಳು. ಮೊಣಕಾಲು ಸವೆದವರಿಗೆ ಎಷ್ಟು ನೋವು, ಯಾವ ಕೆಲಸಕ್ಕೆ ಎಷ್ಟು ತೊಂದರೆ ಎಂದು ಅಳೆಯಲು ಹೊರದೇಶದವರು ಪ್ರಶ್ನೆಗಳನ್ನು ಮಾಡಿಟ್ಟಿದ್ದಾರೆ. ಅದನ್ನು ಕನ್ನಡಕ್ಕೆ ತಂದಿದ್ದಾರೆ. ಕನ್ನಡಕ್ಕೆ ಬಂದ ಮೇಲೆ ಅದು ನಂಬಿಕೆಗೆ ತಕ್ಕದ್ದಾಗಿ ಉಳಿದಿದೆಯೇ ಎಂದು ನೋಡಬೇಕು. ಅದಕ್ಕೆ ಒಬ್ಬರನ್ನೇ ಎರಡು ಸಲ ಕೇಳುವುದು, ನಡುವೆ ಒಂದು ವಾರ ಬಿಟ್ಟು. ವಾರದಲ್ಲಿ ಮೊಣಕಾಲು ಬದಲಾಗುವುದಿಲ್ಲ. ಹಾಗಾಗಿ ಉತ್ತರವೂ ಬದಲಾಗಬಾರದು. ಬದಲಾದರೆ ಪ್ರಶ್ನೆಯಲ್ಲೇ ಏನೋ ಐಬು ಇದೆ.

ನನಗೆ ಇದು ಬಹಳ ಸರಿ ಎನಿಸಿತು. ಹಾಳೆ ಇಸಿದುಕೊಂಡು ಬೆಂಚಿನ ತುದಿಗೆ ಕುಳಿತೆ. ಪಕ್ಕದಲ್ಲಿ ಜನ ಕಿಕ್ಕಿರಿದಿದ್ದರು. ಮೆಟ್ಟಿಲು ಹತ್ತುವಾಗ, ಇಳಿಯುವಾಗ, ಹಾಸಿಗೆಯಿಂದ ಏಳುವಾಗ, ಕಾಲುಚೀಲ ಹಾಕಿಕೊಳ್ಳುವಾಗ, ಹೀಗೆ ಪ್ರಶ್ನೆಗಳು. ಒಂದೊಂದರ ಮುಂದೆಯೂ ಇಲ್ಲ, ಸ್ವಲ್ಪ, ಸಾಧಾರಣ, ಹೆಚ್ಚು, ಬಹಳ ಹೆಚ್ಚು ಎಂದು ಗುರುತು ಹಾಕುವ ಮನೆಗಳು. ಅರ್ಧಕ್ಕೆ ಬಂದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನಮಸ್ಕಾರ ಮಾಡಿ ಪಕ್ಕದಲ್ಲೇ ನಿಂತ. ಆಟೋ ಓಡಿಸುತ್ತಾನೆ, ತಾಯಿಯನ್ನು ಕರೆತಂದಿದ್ದ. ಅವನ ಕಣ್ಣು ನನ್ನ ಹಾಳೆಯ ಮೇಲಿತ್ತು. ಸರಿಯಾಗಿ ಆ ಹೊತ್ತಿಗೆ ಶೌಚಾಲಯದ ಪ್ರಶ್ನೆ ಬಂತು: ಕೂತು ಏಳುವಾಗ ಎಷ್ಟು ತೊಂದರೆ.

ನಮ್ಮ ಮನೆಯಲ್ಲಿರುವುದು ನೆಲಮಟ್ಟದ ಕಕ್ಕಸು. ನಾನು ನಲ್ಲಿಯ ಪೈಪನ್ನು ಹಿಡಿದು ಏಳುತ್ತಿದ್ದೆ. ಒಂದು ದಿನ ಆ ಪೈಪೇ ಗೋಡೆಯಿಂದ ಕಿತ್ತು ಕೈಗೆ ಬಂದು, ನೀರು ಮೈಮೇಲೆಲ್ಲ ಹಾರಿ, ಎದ್ದು ಬರಲಾಗದೆ ಅಲ್ಲೇ ಒದ್ದೆಯಾಗಿ ಎಷ್ಟೋ ಹೊತ್ತು ಕುಳಿತಿದ್ದೆ. ಮನೆಯವರು ಬಾಗಿಲು ತಟ್ಟಿದಾಗ ಬಟ್ಟೆ ಒಗೆಯುತ್ತಿದ್ದೇನೆ ಎಂದಿದ್ದೆ. ಪೈಪು ಹಳೆಯದಾಗಿತ್ತು, ತುಕ್ಕು ಹಿಡಿದಿತ್ತು ಎಂದು ಹೇಳಿ ಹೊಸದು ಹಾಕಿಸಿದೆವು.

ಆ ಪ್ರಶ್ನೆಯ ಮುಂದೆ 'ಇಲ್ಲ' ಎಂಬ ಮನೆಗೆ ಗುರುತು ಹಾಕಿದೆ. ಅದೊಂದಕ್ಕೆ ಹಾಕಿದ ಮೇಲೆ ಮೊದಲು ಬರೆದವನ್ನೂ ತಿದ್ದಿ ಉಳಿದವಕ್ಕೂ ಹಾಗೇ ಹಾಕಬೇಕಾಯಿತು. ನೆಲದ ಮೇಲೆ ಕೂಡುವುದು ಸ್ವಲ್ಪ. ಮೆಟ್ಟಿಲು ಸ್ವಲ್ಪ. ಪರೀಕ್ಷೆಯ ಕಾಗದದಲ್ಲಿ ಒಳ್ಳೆಯ ಅಂಕ ಬರುವ ಹಾಗೆ ಬರೆದುಕೊಟ್ಟು ಬಂದೆ.

ವಾರದ ನಂತರ ಹುಡುಗಿ ಮನೆಗೇ ಬಂದಳು. ಹೋದ ಸಲ ಏನೇನು ಬರೆದಿದ್ದೆನೋ ನೆನಪಿತ್ತು. ಅದನ್ನೇ ತಪ್ಪಿಲ್ಲದೆ ಮತ್ತೆ ಬರೆದೆ. ಅವಳು ಎರಡೂ ಹಾಳೆ ಹೊಂದಿಸಿ ನೋಡಿ ಹಿಗ್ಗಿದಳು. ಇದುವರೆಗೆ ಕೇಳಿದವರಲ್ಲಿ ನಿಮ್ಮದೇ ಬಹಳ ಚೆನ್ನಾಗಿ ಹೊಂದಿದೆ, ನಿಮ್ಮಂಥವರು ಇನ್ನಷ್ಟು ಜನ ಸಿಕ್ಕರೆ ನನ್ನ ಕೆಲಸ ಸಲೀಸು ಎಂದಳು. ನಾನು ಚಹಾ ಮಾಡುತ್ತೇನೆಂದು ಒಳಗೆ ಹೋದೆ. ಒಲೆಯ ಮುಂದೆ ನಿಂತಾಗ ಮುಖ ಬಿಸಿಯಾಗಿತ್ತು. ಸುಳ್ಳನ್ನು ಎರಡು ಸಲ ಒಂದೇ ರೀತಿ ಹೇಳಿದ್ದಕ್ಕೆ ಶಾಬಾಸ್‌ಗಿರಿ ಸಿಕ್ಕಿತ್ತು.

ಚಹಾ ಕುಡಿಯುತ್ತ ಅವಳು ತನ್ನ ಕಷ್ಟ ತೋಡಿಕೊಂಡಳು. ಹಳ್ಳಿಗಳಲ್ಲಿ ಕೇಳಿದರೆ ಉತ್ತರ ಎಲ್ಲಿಂದ ಎಲ್ಲಿಗೋ ಹೋಗುತ್ತವೆ. ವನದುರ್ಗದಲ್ಲಿ ಒಬ್ಬ ಮುದುಕನನ್ನು ನಿಮ್ಮ ಮಂಡಿ ಹೇಗಿದೆ ಎಂದು ಕೇಳಿದ್ದಾಳೆ. ಅವನು ಮಂಡಿಯಲ್ಲಿ ಹತ್ತಿಗೆ ರೇಟೇ ಇಲ್ಲ ಎಂದು ಶುರುಮಾಡಿದ್ದಾನೆ. ನಮ್ಮ ಕಡೆ ಮಂಡಿ ಎಂದರೆ ಬೆಳೆ ಮಾರುವ ಅಡತಿಯ ಪೇಟೆ, ಮೊಣಕಾಲಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಷ್ಟ ಇದೆಯೇ ಎಂದು ಕೇಳಿದರೆ ಸೊಸೆಯ ಜಗಳ, ಮಗಳ ಮದುವೆ ಹೇಳುತ್ತಾರೆ. ನೋವು ಸಾಧಾರಣವೇ ಎಂದರೆ, ಹೌದ್ರಿ ಸಾಧಾರಣ, ಏನೂ ಇಲ್ಲ ಎನ್ನುತ್ತಾರೆ. ಕಾಲುಚೀಲ ಹಾಕಿಕೊಳ್ಳಲು ತೊಂದರೆಯೇ ಎಂದರೆ ಇಲ್ಲ ಎನ್ನುತ್ತಾರೆ, ಯಾಕೆಂದರೆ ಹುಟ್ಟಿದಾಗಿನಿಂದ ಹಾಕಿಯೇ ಇಲ್ಲ.

ನಾನು ಬರುತ್ತೇನೆ ಎಂದೆ. ಆಗ ನನ್ನೊಳಗೆ ಶಿಕ್ಷಕಿ ಎದ್ದು ನಿಂತಿದ್ದಳು. ತೊಂದರೆ ಎನ್ನಬೇಡ, ತ್ರಾಸು ಎನ್ನು. ನೋವು ಎನ್ನುವುದಕ್ಕಿಂತ ಬ್ಯಾನಿ ಎನ್ನು. ಹೀಗೆ ತಿದ್ದಿಕೊಡುತ್ತ ಅವಳ ಜೊತೆ ಬಸ್ಸಿನಲ್ಲಿ ಎರಡು ಮೂರು ಊರು ತಿರುಗಿದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈಯನ್ನು ಜಗ್ಗಿಕೊಳ್ಳುತ್ತಿದ್ದೆ. ಅವಳು ಹಿಂದೆ ನಿಂತು ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ.

ಕಕ್ಕೇರಾಕ್ಕೆ ಹೋದ ದಿನ ನೇರ ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಅಕ್ಕ ನನ್ನ ಒಬ್ಬಳೇ ಒಡಹುಟ್ಟಿದವಳು. ಶಾಲೆಯ ಮುಖ ನೋಡಿದವಳಲ್ಲ. ನಾನು ಯಾದಗಿರಿಯಲ್ಲಿ ಶಿಕ್ಷಕಿಯ ತರಬೇತಿ ಓದುವಾಗ ನಮ್ಮ ಕಡೆ ಕಾಲುವೆ ತೋಡುತ್ತಿದ್ದರು. ಅಕ್ಕ ಮಣ್ಣಿನ ಬುಟ್ಟಿ ಹೊತ್ತು ಏರಿ ಹತ್ತುವ ಹೆಂಗಸರ ಸಾಲಿನಲ್ಲಿದ್ದಳು. ರಜೆಗೆ ಬಂದಾಗ ಅವಳಿಗೆ ಬುತ್ತಿ ಕೊಡಲು ಹೋಗುತ್ತಿದ್ದೆ. ಬುಟ್ಟಿಯ ಕೆಳಗೆ ಅವಳ ಕುತ್ತಿಗೆ ಅಲುಗದೆ ನಿಂತಿರುತ್ತಿತ್ತು, ಮೊಣಕಾಲು ಮಾತ್ರ ನಡುಗುತ್ತಿತ್ತು. ಮುಂದೆ ಕಾಲುವೆಗೆ ನೀರು ಬಂತು. ಜೋಳ ಬೆಳೆಯುತ್ತಿದ್ದ ಕರಿ ನೆಲ ಭತ್ತದ ಗದ್ದೆಯಾಯಿತು. ಅಕ್ಕ ನಾಟಿ ಹಚ್ಚುವ ಗುಂಪು ಕಟ್ಟಿದಳು. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತು ಸಸಿ ಊರುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುವ ಕೆಲಸ. ಗಂಡ ತೀರಿಕೊಂಡ ಮೇಲೂ ಅದೇ ಕೆಲಸದಿಂದ ಮಗನನ್ನು ದೊಡ್ಡವನನ್ನಾಗಿ ಮಾಡಿದಳು.

ನಾವು ಹೋದಾಗ ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕುಳಿತಲ್ಲಿಂದಲೇ ಸೊಸೆಯನ್ನು ಕರೆದು ಕುರ್ಚಿ ಹಾಕಿಸಿದಳು, ಚಹಾ ಇಡಿಸಿದಳು. ಮನೆಯಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಹುಡುಗಿ ಕುಳಿತಳು, ಒಂದರಲ್ಲಿ ನಾನು. ಅಕ್ಕ ಕೆಳಗೆ. ನನಗೆ ಮುಳ್ಳಿನ ಮೇಲೆ ಕುಳಿತಂತಾಯಿತು. ಕೆಳಗೆ ಬರುತ್ತೇನೆ ಎಂದು ಕುರ್ಚಿಯ ಕೈ ಹಿಡಿದು ಅರ್ಧ ಎದ್ದೆ.

"ನೀ ಕುಂದ್ರವ್ವ," ಅಂದಳು ಅಕ್ಕ. "ನಿನ್ನ ಮೊಣಕಾಲಿಗಿ ತ್ರಾಸ ಅದ ಅಂತ ಗೊತ್ತಾಗ್ಯಾದ ನನಗ. ನಂದೇನದ, ನಾ ದಿನಾ ನೆಲದಾಗೇ ಇರ್ತೀನಿ."

ಪ್ರಶ್ನೆ ಶುರುವಾಯಿತು. ಹುಡುಗಿ ಓದುತ್ತಿದ್ದಳು, ನಾನು ನಮ್ಮ ಮಾತಿಗೆ ತಿರುಗಿಸಿ ಕೇಳುತ್ತಿದ್ದೆ. ನಡೆಯುವಾಗ ಬ್ಯಾನಿ? ಇಲ್ಲ. ಮಲಗಿದಾಗ? ಇಲ್ಲ. ನೆಲದ ಮೇಲೆ ಕೂಡಲು ತ್ರಾಸು? ಕುಂತೀನಲ್ಲ, ಕಾಣಲ್ಲೇನು. ಶೌಚಾಲಯಕ್ಕೆ? ಅದು ಸರಕಾರದಿಂದ ಕಟ್ಟಿಸಿಕೊಟ್ಟಾರ, ಛಲೋ ಅದ, ಹೊಸಾದು. ಹುಡುಗಿ ಒಂದೊಂದಕ್ಕೂ 'ಇಲ್ಲ' ಎಂದು ಗುರುತು ಹಾಕುತ್ತ ಹೋದಳು. ಕಾಲುಚೀಲದ ಪ್ರಶ್ನೆಗೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಶಹಾಪುರಕ್ಕೆ ವಾಪಸು ಬರುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ಮಣ್ಣು ಹೊತ್ತವಳು, ಕೆಸರು ತುಳಿದವಳು ಅವಳು. ಅವಳ ಕಾಲು ಗಟ್ಟಿಯಾಗಿದೆ. ಫ್ಯಾನಿನ ಕೆಳಗೆ ಪಾಠ ಹೇಳಿ ಪಗಾರ ಎಣಿಸಿಕೊಂಡ ನಾನು ಅವಳೆದುರು ಕುರ್ಚಿಯಲ್ಲಿ ಕುಳಿತು ನರಳುತ್ತಿದ್ದೇನೆ. ಮೈಗಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಅನಿಸುತ್ತಿತ್ತು. ಆ ವಾರವೆಲ್ಲ ಮನೆಯಲ್ಲಿ ಕಾಲು ನೋಯುತ್ತದೆ ಎನ್ನಲಿಲ್ಲ. ಯಾರಾದರೂ ಕೇಳಿದರೆ ನಮ್ಮ ಅಕ್ಕನನ್ನು ನೋಡಬೇಕು, ಆ ವಯಸ್ಸಿಗೆ ನೆಲದಲ್ಲೇ ಇರುತ್ತಾಳೆ ಎಂದು ಹೇಳುತ್ತಿದ್ದೆ.

ಎರಡನೇ ಸಲ ಹೋಗುವ ದಿನ ಹುಡುಗಿಗೆ ಬೆಳಿಗ್ಗೆ ಸುರಪುರದಲ್ಲಿ ಬೇರೆಯವರನ್ನು ಕೇಳುವುದಿತ್ತು. ಮಧ್ಯಾಹ್ನ ಬಂದು ಸೇರುತ್ತೇನೆ ಎಂದಳು. ನಾನು ಮೊದಲ ಬಸ್ಸಿಗೇ ಹೊರಟೆ. ಅಕ್ಕನ ಜೊತೆ ನಾಲ್ಕು ಮಾತು ಆಡಿದಂತಾಗುತ್ತದೆ ಎಂದುಕೊಂಡಿದ್ದೆ. ಬರುತ್ತೇನೆಂದು ಮುಂಚೆ ತಿಳಿಸಿರಲಿಲ್ಲ.

ಅಕ್ಕನ ಮನೆಯ ಬಾಗಿಲಿಗೆ ಕಲ್ಲಿನ ಮೆಟ್ಟಿಲುಗಳಿವೆ. ಓಣಿಯ ತಿರುವು ದಾಟಿದಾಗ ಅವಳು ಮೆಟ್ಟಿಲಿಳಿಯುತ್ತಿದ್ದುದು ಕಂಡಿತು. ಕುಳಿತುಕೊಂಡು ಇಳಿಯುತ್ತಿದ್ದಳು. ಎರಡೂ ಕೈ ಹಿಂದಕ್ಕೆ ಊರಿ, ಕುಂಡಿಯನ್ನು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಜಾರಿಸುತ್ತಿದ್ದಳು, ನಡೆಯಲು ಬಾರದ ಕೂಸಿನ ಹಾಗೆ. ಸೀರೆ ಮೊಣಕಾಲ ಮೇಲಕ್ಕೆ ಸರಿದಿತ್ತು. ಕಾಲು ಎರಡೂ ಹೊರಕ್ಕೆ ಬಿಲ್ಲಿನ ಹಾಗೆ ಬಾಗಿದ್ದವು, ಕೀಲುಗಳು ಊದಿ ದಪ್ಪಗಾಗಿದ್ದವು. ಪಕ್ಕದಲ್ಲಿ ನೀರಿನ ಚರಿಗೆ. ಅದನ್ನೂ ಒಂದೊಂದೇ ಮೆಟ್ಟಿಲಿಗೆ ಇಳಿಸಿ ಇಟ್ಟುಕೊಳ್ಳುತ್ತಿದ್ದಳು.

ನಾನು ಹಿಂದಕ್ಕೆ ತಿರುಗಿಬಿಡಬೇಕು ಎಂದುಕೊಂಡೆ. ಅವಳು ನೋಡುವ ಮೊದಲು ತಿರುವಿನ ಆಚೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮುತ್ತ ಬರಬೇಕು. ಆದರೆ ನನ್ನ ಕಾಲು ಅಷ್ಟು ಬೇಗ ತಿರುಗುವುದಿಲ್ಲ. ಅವಳು ತಲೆಯೆತ್ತಿದಳು. ಮೊದಲು ಸೀರೆ ಎಳೆದುಕೊಂಡಳು. ಆಮೇಲೆ ಮುಖವನ್ನು ಆಚೆ ತಿರುಗಿಸಿದಳು.

ಹತ್ತಿರ ಹೋದೆ. ಎತ್ತಬೇಕೆಂದು ಕೈ ಚಾಚಿದೆ, ಬಗ್ಗಲಾಗಲಿಲ್ಲ. ಅವಳು ನನ್ನ ಕೈ ಹಿಡಿಯಲೂ ಇಲ್ಲ. ಹಿಡಿದಿದ್ದರೆ ಇಬ್ಬರೂ ಬೀಳುತ್ತಿದ್ದೆವು, ಅದು ಅವಳಿಗೆ ಗೊತ್ತಿತ್ತು. ಏನು ಮಾಡುವುದೆಂದು ತೋಚದೆ ಬಾಗಿಲ ಚೌಕಟ್ಟಿನ ಕಡೆ ಕೈ ಚಾಚಿ, ಗೋಡೆ ಸವರಿಕೊಂಡು, ಅವಳ ಪಕ್ಕದ ಕಲ್ಲಿನ ಮೇಲೆ ನಾನೂ ಕುಳಿತುಬಿಟ್ಟೆ. ಕುಳಿತ ಮೇಲೆ ನೆನಪಾಯಿತು, ಏಳುವುದು ನನ್ನಿಂದಾಗದು ಎಂದು.

ಮಗ, ಸೊಸೆ ಗದ್ದೆಗೆ ಹೋಗಿದ್ದರು. ಓಣಿಯಲ್ಲಿ ಕೋಳಿಗಳು ಬಿಟ್ಟರೆ ಯಾರೂ ಇರಲಿಲ್ಲ.

"ಅವತ್ತು ಯಾಕ ಹೇಳ್ಲಿಲ್ಲ, ಅಕ್ಕಾ?" ಎಂದೆ.

"ಹ್ಯಾಂಗ ಹೇಳ್ಲಿ? ನೀ ಕುರ್ಚಿ ಮ್ಯಾಲ ಕುಂತು ಮಾರಿ ಸಣ್ಣದು ಮಾಡ್ಕೊಂಡಿದ್ದಿ. ನಂದೂ ಹೇಳಿದ್ರ ಆ ಸಂಕಟಕ್ಕ ನೀ ಇಲ್ಲಿಂದ ಏಳ್ತಿದ್ದಿಲ್ಲ."

"ನೆಲಕ್ಕ ಕುಂದ್ರಾಕ ಬರ್ತದ ಅಂದಿ."

"ಖರೇನೇ ಹೇಳೀನಿ. ಕುಂದ್ರಾಕ ಬರ್ತದ. ಏಳಾಕ ಬರಲ್ಲ."

ಮತ್ತೆ ಅವಳಾಗಿಯೇ ಮುಂದುವರಿಸಿದಳು. ಬೆಳಿಗ್ಗೆ ಸೊಸೆ ಎಬ್ಬಿಸಿ ಗೋಡೆಗೆ ಆನಿಸಿ ಕೂಡಿಸಿ ಹೋಗುತ್ತಾಳೆ, ಅವಳು ಬರುವ ತನಕ ಅಲ್ಲೇ. ಸರಕಾರದ ಶೌಚಾಲಯದಲ್ಲಿ ಗೊಬ್ಬರದ ಚೀಲ ತುಂಬಿದ್ದಾರೆ. ತೆಗೆಸಿದರೂ ಅದರೊಳಗೆ ಕುಕ್ಕರಗಾಲಲ್ಲಿ ಕೂಡಲಾಗುವುದಿಲ್ಲ. ಮೊದಲು ಊರ ಹೊರಗೆ ಬಯಲಿತ್ತು. ಈಗ ಎಲ್ಲಿ ನೋಡಿದರೂ ಗದ್ದೆ, ಕೆಸರು. ಒಣ ಜಾಗ ಎಂದರೆ ಕಾಲುವೆಯ ಏರಿ ಒಂದೇ, ಅದನ್ನು ಹತ್ತಲಾಗುವುದಿಲ್ಲ. ಮನೆಯ ಹಿಂದಿನ ಬೇಲಿಯ ಮರೆಗೆ ಹೀಗೆ ತೆವಳಿಕೊಂಡು ಹೋಗುತ್ತಾಳೆ, ಓಣಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ.

"ಊಟ ಕಡಿಮಿ ಮಾಡೀನಿ," ಅಂದಳು. "ಸಂಜಿ ಮುಂದ ನೀರ ಕುಡಿಯಲ್ಲ. ಇದನ್ನೆಲ್ಲ ನಿನ್ನ ಮುಂದ ಹೇಳಬಹುದು ತಂಗಿ, ಆ ಹುಡಿಗಿ ಮುಂದ ಹ್ಯಾಂಗ ಹೇಳೋದು? ನೀ ಮೇಡಮ್ಮಾಗಿ ಕುಂತಿದ್ದಿ. ನಿನ್ನ ಅಕ್ಕ ಅಂಬಾಕಿ ಹಿಂಗ ತೆವಳ್ತಾಳ ಅಂತ ಅಕಿಗಿ ಗೊತ್ತಾದ್ರ ನಿನಗ ನಾಚಿಕಿ ಅಲ್ಲೇನು?"

ಅವಳು ಮುಚ್ಚಿಟ್ಟದ್ದು ತನ್ನ ಮಾನಕ್ಕಲ್ಲ, ನನ್ನ ಮಾನಕ್ಕೆ. ಈ ಮಾತು ಕೇಳಿ ನನಗೆ ಅವಳ ಮುಖ ನೋಡಲಾಗಲಿಲ್ಲ. ಹೋದ ಸಲ ನಾವು ಬಂದು ಹೋಗುವ ತನಕ ಅವಳು ಒಮ್ಮೆಯೂ ಎದ್ದಿರಲಿಲ್ಲ. ಬೀಳ್ಕೊಡಲು ಬಾಗಿಲಿಗೆ ಬಂದವಳು ಸೊಸೆ. ಮನೆಗೆ ಬಂದವರನ್ನು ಓಣಿಯ ತಿರುವಿನ ತನಕ ಕಳಿಸಿ ಬರುವ ಅಕ್ಕ ಕುಳಿತಲ್ಲೇ ಕೈ ಎತ್ತಿದ್ದಳು. ಅದು ನನ್ನ ಕಣ್ಣೆದುರೇ ನಡೆದಿತ್ತು. ನಾನು ನನ್ನ ಕುರ್ಚಿಯ ನಾಚಿಕೆಯಲ್ಲಿ ಮುಳುಗಿ ಅವಳ ಕಾಲನ್ನು ನೋಡಿರಲೇ ಇಲ್ಲ.

ನಾನೂ ಹೇಳಿದೆ ಅವಳಿಗೆ. ವಿಹಾರದಲ್ಲಿ ಎತ್ತಿದ್ದು, ಪೈಪು ಕಿತ್ತದ್ದು, ಒದ್ದೆಯಾಗಿ ಕುಳಿತದ್ದು. ಪೈಪಿನ ಮಾತಿಗೆ ಅವಳು ತಡೆಯಲಾಗದೆ ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, ಆ ಹುಡುಗಿಗೆ ಏನು ಬರೆದುಕೊಟ್ಟೆ ಎಂದು ಕೇಳಿದಳು. ಏನೂ ತ್ರಾಸಿಲ್ಲ ಎಂದು ಬರೆದೆ, ಎರಡು ಸಲ, ಎಂದೆ. ಅಕ್ಕ ನಗು ನಿಲ್ಲಿಸಿದಳು.

ಅವಳಿಗೆ ಬೇಲಿಯ ಕಡೆ ಹೋಗಬೇಕಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ನನ್ನಿಂದ ಏಳಲಾಗುತ್ತಿರಲಿಲ್ಲ, ಬೇರೆ ಕಡೆ ಮುಖ ತಿರುಗಿಸಿ ಕುಳಿತೆ. ಅವಳು ಉಳಿದ ಮೆಟ್ಟಿಲು ಇಳಿದು ಹೋದಳು. ನೆಲದ ಮೇಲೆ ಸೀರೆ ಎಳೆದ ಸಪ್ಪಳ ಮನೆಯ ಮೂಲೆ ತಿರುಗುವ ತನಕ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಹಾಗೇ ಮರಳಿ ಬಂದಳು.

ಹುಡುಗಿ ಬಂದಾಗ ನಾವಿಬ್ಬರೂ ಮೆಟ್ಟಿಲ ಮೇಲೇ ಇದ್ದೆವು. ಆಟಕ್ಕೆ ಕುಳಿತವರಂತೆ ಕಂಡಿರಬೇಕು, ಅವಳು ಮೊದಲು ನಕ್ಕಳು. ಎಬ್ಬಿಸಲು ಬಂದವಳಿಗೆ ಒಬ್ಬಳಿಂದ ಆಗಲಿಲ್ಲ. ಎದುರು ಮನೆಯ ಸೊಸೆಯನ್ನು ಕರೆದಳು. ಮೊದಲು ನನ್ನನ್ನು, ಆಮೇಲೆ ಅಕ್ಕನನ್ನು ಎತ್ತಿದರು. ಅಕ್ಕನನ್ನು ಎತ್ತುವಾಗ ಹುಡುಗಿಯ ಕೈ ತಾನಾಗಿ ಅವಳ ಮೊಣಕಾಲಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಮುಖದ ನಗು ಹೋಯಿತು.

ಆ ದಿನ ಪ್ರಶ್ನೆ ಕೇಳುವಾಗ ನಾನು ಹೊರಗೆ ಕುಳಿತೆ. ಅಕ್ಕನೇ ಹಾಗೆ ಮಾಡು ಎಂದಳು. ತಿರುಗಿಸಿ ಹೇಳಲು ನಾನಿಲ್ಲದಿದ್ದರೆ ಹುಡುಗಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ನನಗೆ ಅಳುಕು. ಒಳಗಿನಿಂದ ಅಕ್ಕನ ಮಾತು ತಗ್ಗಿದ ದನಿಯಲ್ಲಿ ನಿಲ್ಲದೆ ಬರುತ್ತಿತ್ತು. ನಾನು ಕಿವಿ ಕೊಡಲಿಲ್ಲ. ಬಹಳ ಹೊತ್ತಾದ ಮೇಲೆ ಹುಡುಗಿ ಹೊರಗೆ ಬಂದಳು.

"ಮೇಡಂ, ಅಮ್ಮನ ಎರಡು ಸಲದ ಉತ್ತರ ಒಂದೂ ಹೊಂದುವುದಿಲ್ಲ," ಎಂದಳು. "ಹೋದ ವಾರ ಎಲ್ಲದಕ್ಕೂ 'ಇಲ್ಲ'. ಈಗ ಎಲ್ಲದಕ್ಕೂ 'ಬಹಳ ಹೆಚ್ಚು'. ಲೆಕ್ಕದ ಪ್ರಕಾರ ಇವರ ಉತ್ತರ ನಂಬುವ ಹಾಗಿಲ್ಲ."

"ನನ್ನವು ಹೊಂದ್ಯಾವಲ್ಲ, ಅವನ್ನೂ ನಂಬಬ್ಯಾಡ," ಎಂದೆ.

ಅವಳು ನನ್ನ ಪಕ್ಕದಲ್ಲಿ ಕುಳಿತಳು. ನೀವು ಬಸ್ಸಿನ ಮೆಟ್ಟಿಲು ಹತ್ತುವುದನ್ನು ನೋಡಿದ ದಿನವೇ ನನಗೆ ಅನುಮಾನ ಬಂದಿತ್ತು, ಕೇಳುವುದು ಹೇಗೆ ಎಂದು ತಿಳಿಯಲಿಲ್ಲ ಎಂದಳು. ನೀವು ಗುರುಗಳು, ಸುಳ್ಳು ಬರೆದಿದ್ದೀರಾ ಎಂದು ಕೇಳಲು ಬಾಯಿ ಬರಲಿಲ್ಲ ಎಂದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನ ಎರಡೂ ಹಾಳೆ ತೆಗೆದುಬಿಡು, ಬೇರೆಯವರನ್ನು ಹುಡುಕಿಕೋ ಎಂದೆ. ತೆಗೆಯುತ್ತೇನೆ, ಆದರೆ ಯಾಕೆ ತೆಗೆದೆ ಎಂದು ನಮ್ಮ ಗುರುಗಳಿಗೆ ಹೇಳಬೇಕಾಗುತ್ತದೆ ಎಂದಳು. ಹೇಳು ಎಂದೆ. ಹಾಗೆಂದ ಮೇಲೆ ಆ ಗುರುಗಳು ಯಾರೋ, ನನ್ನನ್ನು ಎಂದೂ ನೋಡದವರು, ಅವರ ಮುಂದೆಯೂ ನಾನು ಲಂಗ ಕಾಣುವಂತೆ ನಿಂತ ಹಾಗಾಯಿತು.

ಅವಳು ಆಮೇಲೆ ಮತ್ತೆ ಊರುಗಳನ್ನು ತಿರುಗಿದಳು. ಈ ಸಲ ಜನರನ್ನು ಒಬ್ಬೊಬ್ಬರನ್ನೇ ಕೂಡಿಸಿ ಕೇಳಿದಳು, ಮಗ ಸೊಸೆ ತಂಗಿ ಯಾರೂ ಹತ್ತಿರ ಇಲ್ಲದಂತೆ. ಮಂಡಿ ಹೋಗಿ ಮೊಣಕಾಲು ಬಂತು. ಸಾಧಾರಣ ಎಂಬುದನ್ನು ತೆಗೆದು ನಡುಕಿನ ಬ್ಯಾನಿ, ಅಂದರೆ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲದ್ದು, ಎಂದು ಹಾಕಿದಳು. ಕಾಲುಚೀಲದ ಬದಲು ಹಿಮ್ಮಡಿ ತಿಕ್ಕಿ ತೊಳೆಯುವುದು. ನೆಲದ ಮೇಲೆ ಕೂಡುವುದು, ನೆಲದಿಂದ ಏಳುವುದು ಎಂದು ಎರಡು ಬೇರೆ ಪ್ರಶ್ನೆ ಮಾಡಿದಳು. ಇದೆಲ್ಲವನ್ನೂ ಫೋನಿನಲ್ಲಿ ನನಗೆ ಓದಿ ಹೇಳಿದಳು. ಅವಳ ಗುರುಗಳು ಕೆಲವನ್ನು ಒಪ್ಪಿದರಂತೆ, ಕೆಲವನ್ನು ಮೂಲದಲ್ಲಿ ಇಲ್ಲ ಎಂದು ಬಿಡಿಸಿದರಂತೆ. ಯಾವುದನ್ನು ಬಿಡಿಸಿದರು ಎಂದು ನಾನು ಕೇಳಲಿಲ್ಲ. ಹಳೆಯ ಪ್ರಶ್ನೆಗಳಿಗೆ ನಾನು ಕೊಟ್ಟ ಉತ್ತರದ ಮಾತು ಮತ್ತೆ ಬರಬಹುದೆಂದು ಹೆದರಿದೆ.

ಅಕ್ಕನನ್ನು ಯಾದಗಿರಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ಆಪರೇಷನ್ ಮಾಡಿ ಕೀಲು ಬದಲಿಸಬಹುದು ಎಂದರು. ಅಕ್ಕ ಬೇಡವೆಂದಳು. ನಾನು ಒತ್ತಾಯಿಸಿದೆ, ಅವಳು ಕೇಳಲಿಲ್ಲ. ಹುಡುಗಿ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾಳೆ. ಟವೆಲು ಸುತ್ತಿ ಮೊಣಕಾಲ ಕೆಳಗಿಟ್ಟು ಒತ್ತುವುದು, ಕಾಲು ನೀಡಿ ಎತ್ತಿ ಹಿಡಿಯುವುದು. ನಾಟಿಯ ಹಾಡು ಗುನುಗುತ್ತ ಮಾಡುತ್ತಾಳೆ, ನನಗಿಂತ ನಿಷ್ಠೆಯಿಂದ. ಈಗ ಗೋಡೆ ಹಿಡಿದು ತಾನೇ ಏಳುತ್ತಾಳೆ. ಮೆಟ್ಟಿಲಿನ ಪಕ್ಕ ಮಗ ಕಬ್ಬಿಣದ ಕಂಬಿ ಹಾಕಿಸಿದ್ದಾನೆ. ಗೊಬ್ಬರದ ಚೀಲ ಹೊರಗೆ ಬಂದಿವೆ.

ವರ್ಷಕ್ಕೆ ಎರಡು ಮೂರು ಸಲ ಅಕ್ಕ ಶಹಾಪುರಕ್ಕೆ ಬಂದು ನಮ್ಮ ಮನೆಯಲ್ಲಿ ಇರುತ್ತಾಳೆ. ಬಚ್ಚಲಲ್ಲಿ ಕಕ್ಕಸಿನ ಮೇಲೆ ಇಡುವ, ನಡುವೆ ತೂತಿರುವ ಕುರ್ಚಿ ತಂದಿಟ್ಟಿದ್ದೇನೆ. ಅದು ನನಗೂ ಬೇಕಾದದ್ದೇ. ಅಕ್ಕ ಅದನ್ನು ನೋಡಿದ ದಿನ ಒಂದು ಹಳೆಯ ಸೀರೆಯ ತುಂಡನ್ನು ಅದರ ಮೇಲೆ ಹೊದಿಸಿದಳು. ಬಳಸಿದ ಮೇಲೆ ಮತ್ತೆ ಹೊದಿಸುತ್ತಾಳೆ. ನಾನು ಮನೆಯೊಳಗೆ ಇದ್ದರೆ ಅವಳು ಬಚ್ಚಲಿಗೆ ಹೋಗುವುದಿಲ್ಲ. ಕುರ್ಚಿಯ ಕಾಲು ಅಲುಗಿದ ಸಪ್ಪಳ, ಏಳುವಾಗ ತನ್ನ ಬಾಯಿಂದ ಬರುವ ಉಸಿರು ನನಗೆ ಕೇಳಿಸುತ್ತದೆ ಎಂದು ಅವಳಿಗೆ ಮುಜುಗರ. ಹಾಗೆಂದು ಬಾಯಿಬಿಟ್ಟು ಹೇಳಿಲ್ಲ, ಸುಮ್ಮನೆ ಚಡಪಡಿಸುತ್ತ ಕುಳಿತಿರುತ್ತಾಳೆ. ಆಗ ನಾನು ಕೊತ್ತಂಬರಿ ಬೇಕಿತ್ತು ಎಂದು ಹೇಳಿ ಹೊರಗೆ ಹೋಗುತ್ತೇನೆ. ಗೇಟಿನ ಹತ್ತಿರ ನಿಂತು ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತೇನೆ. ಒಳಗೆ ನೀರು ಸುರಿದ ಸಪ್ಪಳ ನಿಂತ ಮೇಲೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಒಳಗೆ ಬರುತ್ತೇನೆ. ಕೊತ್ತಂಬರಿ ಎಲ್ಲಿ ಎಂದು ಅಕ್ಕ ಕೇಳುವುದಿಲ್ಲ.